ಟಿವಿ ಅಲ್ಲ ಸಂಪಾದಕರೇ, ಟ್ರ್ಯಾಕ್ಸ್ ಬಾಡಿಗೆ

ಸಂಪಾದಕರಿಗೆ ನಮಸ್ಕಾರ,

ಹೋದ ಗುರುವಾರ ನಿಮ್ಮ ಜಿಲ್ಲಾ ಪುಟದ ಕೆಳಗಡೆ ಮೂಲೇಲಿ ಒಂದು ಸುದ್ದಿ ಬಂದಿತ್ತು, ಅಮೆರಿಕದಲ್ಲಿರೋ ಕನ್ನಡದ ಹೆಣ್ಮಕ್ಕಳು ಸೇರಿ ಸರ್ಕಾರಿ ಶಾಲೆಗೆ ಸ್ಮಾರ್ಟ್ ಟಿವಿ ಕೊಟ್ಟಿದ್ದಾರೆ ಅಂತ. ಫೋಟೋದಲ್ಲಿ ಟಿವಿ, ಟಿವಿಗೊಂದು ಹಾರ, ಪಕ್ಕದಲ್ಲಿ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರು, ಮುಂದೆ ನೆಲದ ಮೇಲೆ ಹುಡುಗೀರನ್ನ ಸಾಲಾಗಿ ಕೂರಿಸಿ ಕೈಗೆ ಧನ್ಯವಾದ ಅಂತ ಬರೆದ ರಟ್ಟು ಕೊಟ್ಟಿದ್ರು. ಆ ಟಿವಿ ಕೊಟ್ಟವರಲ್ಲಿ ನಾನೂ ಒಬ್ಬಳು. ಬೆಳಿಗ್ಗೆ ಎದ್ದು ಕಾಫಿ ಇಟ್ಟು ಮೊಬೈಲಲ್ಲಿ ಇ-ಪೇಪರ್ ತೆಗೆದ್ರೆ ಇದು. ಅಮ್ಮ ಊರಿಂದ ಆಗ್ಲೇ ವಾಟ್ಸಾಪಲ್ಲಿ ಕಳಿಸಿ ಕೆಳಗೆ ಕೈ ಮುಗಿಯೋ ಗುರುತು ಬೇರೆ ಹಾಕಿದ್ರು. ಖುಷಿ ಪಡಬೇಕಾದ ಹೊತ್ತಲ್ಲಿ ನನಗೆ ಯಾಕೋ ಕಿರಿಕಿರಿ ಶುರುವಾಯ್ತು, ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ಕತ್ತರಿ ಹಾಕೋದಾದ್ರೆ ಟ್ರ್ಯಾಕ್ಸ್ ವಿಷಯ ಬಿಟ್ಟು ಬೇರೆ ಏನು ಬೇಕಾದ್ರೂ ಕತ್ತರಿಸಿ.

ಮೊದಲನೇ ಮಾತು, ಆ ಟಿವಿ ಹೊಸದಲ್ಲ. ಕೊಟ್ಟು ಮೂರು ವರ್ಷ ಆಯ್ತು. ಅದರ ಕಥೆ ಆಮೇಲೆ ಹೇಳ್ತೀನಿ, ಯಾಕಂದ್ರೆ ನಾವು ಮಾಡಿದ ಕೆಲಸದಲ್ಲಿ ಅತಿ ದಡ್ಡ ಕೆಲಸ ಯಾವುದು ಅಂತ ಕೇಳಿದ್ರೆ ನಮ್ಮ ಗುಂಪಿನ ಹನ್ನೊಂದು ಜನಾನೂ ಒಂದೇ ಸಲ ಆ ಟಿವಿ ಕಡೆಗೇ ಬೆರಳು ತೋರಿಸ್ತೀವಿ. ನಿಮ್ಮ ವರದಿಗಾರರಿಗೆ ಅದೇ ಸುದ್ದಿ ಅನ್ನಿಸ್ತು. ಅದೇ ಊರಿಂದ ದಿನಾ ಬೆಳಿಗ್ಗೆ ಎಂಟೂಕಾಲಿಗೆ ಹನ್ನೊಂದು ಹುಡುಗೀರನ್ನ ಹತ್ತಿಸಿಕೊಂಡು ಏಳು ಕಿಲೋಮೀಟರ್ ಆಚೆ ಹೈಸ್ಕೂಲಿಗೆ ಹೋಗೋ ಹಳೇ ಟ್ರ್ಯಾಕ್ಸ್ ಗಾಡಿ ಅವರ ಕಣ್ಣಿಗೆ ಬೀಳಲಿಲ್ಲ. ಬೀಳೋದಾದ್ರೂ ಹೇಗೆ, ಅದಕ್ಕೆ ಟೇಪ್ ಕತ್ತರಿಸಿಲ್ಲ, ಬೋರ್ಡ್ ಇಲ್ಲ, ಹಾರ ಇಲ್ಲ.

ನಾವು ಯಾರು ಅಂತ ಒಂದೆರಡು ಮಾತು. ನಾನು ಚಿತ್ರದುರ್ಗ ಜಿಲ್ಲೆಯವಳು, ಎಂಎಸ್ಸಿ ಮಾಡಿ ದಾವಣಗೆರೇಲಿ ಎರಡು ವರ್ಷ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಟ್ಟು, ಮದುವೆಯಾಗಿ ಬಾಸ್ಟನ್ ಹತ್ರ ಒಂದು ಟೌನಿಗೆ ಬಂದೋಳು. ಬಂದಿದ್ದು ಎಚ್-4 ವೀಸಾದಲ್ಲಿ. ಗೊತ್ತಿಲ್ಲದವರಿಗೆ ಹೇಳ್ತೀನಿ, ಗಂಡನಿಗೆ ಎಚ್-1ಬಿ ಅನ್ನೋ ಕೆಲಸದ ವೀಸಾ ಇದ್ರೆ ಹೆಂಡತಿಗೆ ಸಿಗೋದು ಎಚ್-4, ಅದರಲ್ಲಿ ಇಲ್ಲಿ ಇರಬಹುದು, ಓದಬಹುದು, ಆದ್ರೆ ಸಂಬಳಕ್ಕೆ ಕೆಲಸ ಮಾಡೋ ಹಾಗಿಲ್ಲ. 2015ರ ಮೇ ತಿಂಗಳಲ್ಲಿ ನಿಯಮ ಸ್ವಲ್ಪ ಸಡಿಲ ಆಯ್ತು, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ರೆ ಹೆಂಡತಿಗೂ ಕೆಲಸದ ಪರ್ಮಿಟ್ ಅಂತ. ನಮ್ಮನೆಯವರ ಅರ್ಜಿ ಆ ಹಂತ ದಾಟಿರಲಿಲ್ಲ. ಹಾಗಾಗಿ ಹಿಮ ಬೀಳೋದನ್ನ ಕಿಟಕೀಲಿ ನೋಡ್ಕೊಂಡು ಹುಳಿಪುಡಿ ಮಾಡ್ಕೊಂಡು ಕೂತಿದ್ದೆ. ನನ್ನಂಥವರು ಸುತ್ತಮುತ್ತ ಬೇಕಾದಷ್ಟು ಜನ, ಒಬ್ಬರು ಡೆಂಟಿಸ್ಟ್, ಒಬ್ಬರು ಬ್ಯಾಂಕಲ್ಲಿ ಆಫೀಸರ್ ಆಗಿದ್ದೋರು, ಒಬ್ಬರು ಶಿರಸಿ ಕಡೆಯೋರು ಸಂಸ್ಕೃತದಲ್ಲಿ ಎಂಎ. ಭಾನುವಾರ ಆಶ್‌ಲ್ಯಾಂಡಿನ ಲಕ್ಷ್ಮಿ ದೇವಸ್ಥಾನಕ್ಕೆ ಹೋದಾಗ ಸಿಗ್ತಿದ್ವಿ, ಪಾರ್ಕಿಂಗಲ್ಲಿ ನಿಂತು ಮಾತಾಡ್ತಾ ಮಾತಾಡ್ತಾ ಶುರುವಾಗಿದ್ದು ಇದು.

ನಮ್ಮಲ್ಲಿ ಯಾರ ಕೈಯಲ್ಲೂ ಸ್ವಂತ ದುಡ್ಡಿಲ್ಲ. ಗಂಡನ ಕಾರ್ಡಿಂದ ದಾನ ಮಾಡೋಕೆ ಯಾರಿಗೂ ಮನಸ್ಸಿಲ್ಲ. ಇದ್ದಿದ್ದು ಸೀರೆ! ಎಲ್ಲರ ಹತ್ರಾನೂ ಮದುವೆಗೆ ಬಂದಿದ್ದು, ಬಾಗಿನಕ್ಕೆ ಬಂದಿದ್ದು, ಸೀಮಂತಕ್ಕೆ ಬಂದಿದ್ದು ಅಂತ ಸೂಟ್‌ಕೇಸ್ ತುಂಬ ಸೀರೆ, ವರ್ಷಕ್ಕೊಂದು ಸಲ ದೀಪಾವಳೀಲಿ ಮಡಿಕೆ ಬಿಚ್ಚಿದ್ರೆ ಹೆಚ್ಚು. ಡೆಂಟಿಸ್ಟ್ ಅಕ್ಕನ ಮನೆ ಬೇಸ್‌ಮೆಂಟಲ್ಲಿ ಹಗ್ಗ ಕಟ್ಟಿ ನೇತು ಹಾಕಿ ಸೀರೆ ಸಂತೆ ಅಂತ ಮಾಡಿದ್ವಿ. ಒಬ್ಬರ ಸೀರೆ ಇನ್ನೊಬ್ಬರಿಗೆ, ಇಪ್ಪತ್ತು ಡಾಲರ್, ನಲವತ್ತು ಡಾಲರ್. ಒಂದು ಇಳಕಲ್ ಸೀರೆಗೆ ಇಬ್ಬರು ಜಗಳ ಆಡಿ ಕೊನೆಗೆ ಅದು ಎಪ್ಪತ್ತಕ್ಕೆ ಹೋಯ್ತು. ನನ್ನ ನಾದಿನಿ ಕೊಟ್ಟಿದ್ದ ಮೈಸೂರು ಸಿಲ್ಕ್ ಮಾರಿದ್ದೆ, ಆರು ತಿಂಗಳಾದ ಮೇಲೆ ಅದನ್ನ ಉಟ್ಕೊಂಡವರ ಫೋಟೋ ಫೇಸ್‌ಬುಕ್ಕಲ್ಲಿ ನಮ್ಮತ್ತೆ ನೋಡಿಬಿಟ್ರು, ಅದು ಬೇರೆ ಮಹಾಭಾರತ. ಮೊದಲನೇ ಸಂತೇಲಿ 1,140 ಡಾಲರ್ ಆಯ್ತು. ಆ ದುಡ್ಡನ್ನ ಅಕ್ಕ ನಿಜವಾಗ್ಲೂ ಸಾಸಿವೆ ಡಬ್ಬೀಲೇ ಇಟ್ಟಿದ್ರು, ಈಗಲೂ ನಮ್ಮ ಗ್ರೂಪಿನ ಹೆಸರು ವಾಟ್ಸಾಪಲ್ಲಿ ಅದೇ.

ಇಲ್ಲಿ ಇನ್ನೊಬ್ಬ ಹೆಂಗಸಿನ ಬಗ್ಗೆ ಹೇಳಲೇಬೇಕು, ಕನ್ನಡದವರಲ್ಲ, ಭಾರತದವರೂ ಅಲ್ಲ. ನಮ್ಮ ಟೌನಿನ ಲೈಬ್ರರೀಲಿ ಕೆಲಸ ಮಾಡೋ ಒಬ್ಬರು ಅಜ್ಜಿ ನಮ್ಮ ಸೀರೆ ಸಂತೆ ವಿಷಯ ಕೇಳಿ, ಹಾಗಾದ್ರೆ ನಿಮಗೆ ಡಕ್ಸ್‌ಬರಿ ಟೈಲರ್ ಗೊತ್ತಿರಬೇಕಲ್ಲ ಅಂದ್ರು. ಗೊತ್ತಿರಲಿಲ್ಲ. ಡಕ್ಸ್‌ಬರಿ ಬಾಸ್ಟನ್ನಿಂದ ದಕ್ಷಿಣಕ್ಕೆ ಸಮುದ್ರದ ದಂಡೆ ಮೇಲಿರೋ ಸಣ್ಣ ಊರು. ಅಲ್ಲಿ ಟೈಲರಿಂಗ್ ಅಂಗಡಿ ಇಟ್ಕೊಂಡಿದ್ದೋರು ರಜಿಯಾ ಜಾನ್, ಅಫ್ಘಾನಿಸ್ತಾನದ ಹೆಂಗಸು, 1970ರಲ್ಲಿ ಅಮೆರಿಕಕ್ಕೆ ಬಂದೋರು. ಪ್ಯಾಂಟ್ ಕೆಳಗಡೆ ಮಡಚಿ ಹೊಲಿಯೋದು, ಜಿಪ್ ಹಾಕೋದು, ಇಂಥ ಕೆಲಸ. 2001ರಲ್ಲಿ ನ್ಯೂಯಾರ್ಕಿನ ಅವಳಿ ಕಟ್ಟಡ ಬಿದ್ದಾಗ ಅಲ್ಲಿ ಅವಶೇಷ ತೆಗೀತಿದ್ದ ಜನಕ್ಕೆ ಅಂತ ಊರವರನ್ನ ಸೇರಿಸಿ ನಾನೂರಕ್ಕೂ ಹೆಚ್ಚು ಹೊದಿಕೆ ಹೊಲಿದು ಕಳಿಸಿದ್ರು. ಆಮೇಲೆ ಅಫ್ಘಾನಿಸ್ತಾನದ ಮಕ್ಕಳಿಗೆ ಅಂತ ಶೂ ಸೇರಿಸೋಕೆ ಶುರು ಮಾಡಿದ್ರು, ಮೂವತ್ತು ಸಾವಿರ ಜೊತೆ ಶೂ ಹೋಯ್ತು. ಅಲ್ಲಿಗೆ ನಿಲ್ಲಿಸಿದ್ರೆ ನಮ್ಮ ಟಿವಿ ಥರಾನೇ ಒಂದು ಫೋಟೋ, ಒಂದು ಹಾರ.

ಅವರು ನಿಲ್ಲಿಸಲಿಲ್ಲ. ಕಾಬೂಲ್ ಹೊರಗಡೆ ದೇಹ್ ಸಬ್ಜ್ ಅನ್ನೋ ಕಡೆ 2008ರಲ್ಲಿ ಹೆಣ್ಣುಮಕ್ಕಳಿಗೆ ಅಂತಲೇ ಒಂದು ಶಾಲೆ ತೆಗೆದ್ರು, ಝಬುಲಿ ಎಜುಕೇಶನ್ ಸೆಂಟರ್ ಅಂತ. ಅದರ ಬೆನ್ನಿಗೆ ಅಮೆರಿಕದಲ್ಲಿ ದುಡ್ಡು ಸೇರಿಸೋ ಅವರ ಸಂಸ್ಥೆ, ರಜಿಯಾಸ್ ರೇ ಆಫ್ ಹೋಪ್. ಶಾಲೆ ತೆರೆಯೋ ಹಿಂದಿನ ದಿನ ನಾಲ್ಕು ಜನ ಗಂಡಸರು ಬಂದು, ಇನ್ನೂ ಟೈಮಿದೆ, ಇದನ್ನ ಹುಡುಗರ ಶಾಲೆ ಮಾಡಿ, ಹುಡುಗರು ದೇಶದ ಬೆನ್ನೆಲುಬು ಅಂದ್ರಂತೆ. ಅದಕ್ಕೆ ಈಯಮ್ಮ, ಹುಡುಗೀರು ಈ ದೇಶದ ಕಣ್ಣಿನ ದೃಷ್ಟಿ, ನೀವೆಲ್ಲ ಪಾಪ ಕುರುಡರು ಅಂದ್ರಂತೆ. ಇದನ್ನ ಅವರೇ ಟಿವಿ ಸಂದರ್ಶನದಲ್ಲಿ ಹೇಳಿದ್ದಾರೆ, 2012ರಲ್ಲಿ ಸಿಎನ್‌ಎನ್‌ನವರು ಆ ವರ್ಷದ ಹತ್ತು ಹೀರೋಗಳಲ್ಲಿ ಇವರನ್ನೂ ಆರಿಸಿದಾಗ. ಎಲ್ಲರೂ ಈ ಮಾತನ್ನೇ ಹಂಚಿಕೊಳ್ತಾರೆ. ನನಗೆ ಹಿಡಿಸಿದ್ದು ಬೇರೆ.

ಆ ಶಾಲೇಲಿ ದಿನಾ ಬೆಳಿಗ್ಗೆ ಮಕ್ಕಳು ಬರೋಕೆ ಮುಂಚೆ ಹೆಡ್ಮಿಸ್ಸು ಮತ್ತು ಕಾವಲಿನವನು ಬಾವಿ ನೀರು ಕುಡಿದು ನೋಡ್ತಿದ್ರು. ವಿಷ ಹಾಕಿದ್ದಾರಾ ಅಂತ. ಕುಡಿದು, ಏನೂ ಆಗಲಿಲ್ಲ ಅಂದ್ರೆ ಮಕ್ಕಳಿಗೆ. ಯೋಚನೆ ಮಾಡಿ, ಶಾಲೆ ನಡೆಸೋದು ಅಂದ್ರೆ ಒಂದು ಸಲ ಕಟ್ಟಡ ಕಟ್ಟೋದಲ್ಲ, ದಿನಾ ಯಾರಾದ್ರೂ ಒಬ್ಬರು ಬೇಗ ಬಂದು ಆ ನೀರು ಕುಡೀಬೇಕು, ಅವರಿಗೆ ತಿಂಗಳಿಗೆ ಸಂಬಳ ಹೋಗ್ಬೇಕು. ಅದಕ್ಕೇ ಅವರು ದುಡ್ಡು ಕೇಳ್ತಿದ್ದ ರೀತೀನೂ ಹಾಗೇ ಇತ್ತು, ಒಂದು ಕೋಣೆಗೆ ಇಷ್ಟು ಒಂದು ಬೆಂಚಿಗೆ ಇಷ್ಟು ಅಂತಲ್ಲ, ಒಬ್ಬ ಹುಡುಗಿ ಒಂದು ವರ್ಷ ಓದೋಕೆ ಇಷ್ಟು ಅಂತ, 2012ರ ಹೊತ್ತಿಗೆ ಸುಮಾರು 300 ಡಾಲರ್. ಆಗ ಅಲ್ಲಿ ಮುನ್ನೂರೈವತ್ತರ ಆಸುಪಾಸು ಹುಡುಗೀರು. ಶುರುವಲ್ಲಿ ಹೆಸರು ನೋಂದಾಯಿಸೋಕೆ ಬಂದಾಗ ಹದಿನಾಲ್ಕು ಹದಿನೈದು ವರ್ಷದ ಹುಡುಗೀರಿದ್ರು, ನೂರಕ್ಕೆ ತೊಂಬತ್ತು ಜನಕ್ಕೆ ತಮ್ಮ ಹೆಸರು ಬರೆಯೋಕೆ ಬರ್ತಿರಲಿಲ್ಲ ಅಂತ ಅವರೇ ಹೇಳಿದ್ರು. 2021ರ ಆಗಸ್ಟಲ್ಲಿ ತಾಲಿಬಾನ್ ವಾಪಸ್ ಬಂದಮೇಲೆ ಆರನೇ ಕ್ಲಾಸಿನ ಆಚೆ ಹೆಣ್ಣುಮಕ್ಕಳಿಗೆ ಶಾಲೆ ಬಂದ್ ಆಯ್ತು. 2022ರ ಮಾರ್ಚ್ 23ನೇ ತಾರೀಕು ಹೈಸ್ಕೂಲ್ ತೆಗೀತೀವಿ ಅಂತ ಹೇಳಿ, ಮಕ್ಕಳು ಬಂದು ಕೂತಮೇಲೆ ವಾಪಸ್ ಕಳಿಸಿದ್ರಲ್ಲ, ಆ ವಿಡಿಯೋ ನೋಡಿ ನಮ್ಮ ಬೇಸ್‌ಮೆಂಟಲ್ಲಿ ಆವತ್ತು ಯಾರೂ ಮಾತಾಡಲಿಲ್ಲ.

ನಾವು ಅವರಿಗೆ ಹೋಲಿಸಿಕೊಳ್ಳೋ ಹಾಗಿಲ್ಲ ಬಿಡಿ. ನಮ್ಮೂರಲ್ಲಿ ಯಾರೂ ಬಾವಿಗೆ ವಿಷ ಹಾಕಲ್ಲ. ನಮ್ಮ ಹುಡುಗೀರಿಗೆ ಅಡ್ಡ ನಿಂತಿರೋದು ಬಂದೂಕಲ್ಲ, ಬಸ್ ಟೈಮು.

ಈಗ ಟಿವಿ ಕಥೆ. ನಮ್ಮ ಗುಂಪಲ್ಲಿ ಒಬ್ಬರ ತವರೂರಿನ ಶಾಲೆ ಅದು, ಎಂಟನೇ ಕ್ಲಾಸ್ ತನಕ ಇದೆ. ಹೆಡ್ಮಾಸ್ಟರಿಗೆ ಫೋನ್ ಮಾಡಿ ಏನು ಬೇಕು ಸಾರ್ ಅಂತ ಕೇಳಿದ್ವಿ. ಅವರು ಒಂದು ನಿಮಿಷ ಸುಮ್ಮನಿದ್ದು, ನೀವು ಏನು ಕೊಡ್ತೀರೋ ಕೊಡಿ ಮೇಡಂ ಅಂದ್ರು. ನಾವೇ ಉತ್ಸಾಹದಲ್ಲಿ ಸ್ಮಾರ್ಟ್ ಕ್ಲಾಸ್ ಅಂದ್ವಿ. ನಲವತ್ಮೂರು ಇಂಚಿನ ಟಿವಿ, ಪೆನ್‌ಡ್ರೈವಲ್ಲಿ ಪಾಠ, ಗೋಡೆಗೆ ಸ್ಟ್ಯಾಂಡು. ಫೋಟೋ ಬಂತು, ನಾವೂ ಇಲ್ಲಿ ಕೇಕ್ ಕತ್ತರಿಸಿದ್ವಿ. ಮುಂದಿನ ವರ್ಷ ರಜಕ್ಕೆ ಊರಿಗೆ ಹೋದಾಗ ನಾನೂ ಅವರೂ ಹೇಳದೆ ಕೇಳದೆ ಶಾಲೆಗೆ ಹೋದ್ವಿ. ಟಿವಿ ಹೆಡ್ಮಾಸ್ಟರ್ ರೂಮಲ್ಲಿ ಗೋಡ್ರೇಜ್ ಬೀರು ಪಕ್ಕ ಗೋಡೆಗೆ ಒರಗಿಸಿತ್ತು, ಮೇಲೆ ಹೂವಿನ ಚಿತ್ರದ ಬೆಡ್‌ಶೀಟ್. ಬೆಡ್‌ಶೀಟ್ ಎತ್ತಿದ್ರೆ ಪರದೆ ಮೂಲೇಲಿ ಆಯುಧಪೂಜೆಗೆ ಇಟ್ಟ ಅರಿಶಿನ ಕುಂಕುಮ, ಒಣಗಿದ ಚೆಂಡು ಹೂವಿನ ಎಸಳು ಒಂದೆರಡು ಸ್ಟ್ಯಾಂಡಿಗೆ ಅಂಟಿಕೊಂಡಿದ್ವು. ನನಗೆ ಮೊದಲು ಕೋಪ ಬಂತು ನಿಜ ಹೇಳ್ತೀನಿ. ಹೆಡ್ಮಾಸ್ಟರ್ ಟೀ ತರಿಸಿ ನಿಧಾನಕ್ಕೆ ಹೇಳಿದ್ರು, ಕ್ಲಾಸ್‌ರೂಮಿನ ಕಿಟಕಿಗೆ ಸರಳಿಲ್ಲ, ಇಟ್ರೆ ಕದೀತಾರೆ, ಕದ್ರೆ ನನ್ನ ಸಂಬಳದಲ್ಲಿ ಹಿಡೀತಾರೆ, ಮೂರೂ ಹೊತ್ತು ಕರೆಂಟ್ ಇರಲ್ಲ, ಇದ್ದಾಗ ಪಾಠ ಮಾಡೋಣ ಅಂದ್ರೆ ಇರೋ ಇಬ್ಬರು ಮೇಷ್ಟ್ರಲ್ಲಿ ಒಬ್ಬರು ಸರ್ವೇ ಡ್ಯೂಟೀಲಿ. ಮನುಷ್ಯ ಸುಳ್ಳು ಹೇಳ್ತಿರಲಿಲ್ಲ. ನಾವು ಕೇಳಬೇಕಾದ್ದನ್ನ ಕೇಳಿರಲಿಲ್ಲ ಅಷ್ಟೇ.

ಆವತ್ತು ಶಾಲೆಯಿಂದ ಹೊರಗೆ ಬರೋವಾಗ ಗೇಟ್ ಹತ್ರ ಒಂದು ಹುಡುಗಿ ಕುರಿ ಮರಿ ಎತ್ಕೊಂಡು ನಿಂತಿದ್ಲು, ಶಾಲೆ ಯೂನಿಫಾರಂ ಲಂಗ, ಮೇಲೆ ಬೇರೆ ಶರ್ಟು. ಯಾಕಮ್ಮ ಸ್ಕೂಲಿಗೆ ಹೋಗಿಲ್ವಾ ಅಂದ್ರೆ, ನಂದು ಮುಗೀತು ಆಂಟಿ ಅಂದ್ಲು. ಎಂಟನೇ ಕ್ಲಾಸ್ ಪಾಸಾಗಿದ್ಲು, ಅದಕ್ಕೆ 'ಮುಗೀತು'. ಹೈಸ್ಕೂಲ್ ಏಳು ಕಿಲೋಮೀಟರ್. ಬೆಳಿಗ್ಗೆ ಬಸ್ಸು ಊರಿನ ಕ್ರಾಸಿಗೆ ಬರೋದು ಹತ್ತೂಕಾಲಿಗೆ, ಶಾಲೆ ಅಷ್ಟೊತ್ತಿಗೆ ಶುರುವಾಗಿರುತ್ತೆ. ಸಂಜೆ ವಾಪಸ್ ಬಸ್ಸು ಆರೂವರೆ, ಮಳೆಗಾಲದಲ್ಲಿ ಕತ್ತಲು, ಕ್ರಾಸಿಂದ ಊರಿಗೆ ಜಾಲಿ ಮಧ್ಯೆ ಒಂದೂವರೆ ಕಿಲೋಮೀಟರ್ ನಡೀಬೇಕು. ಯಾವ ತಾಯಿ ಕಳಿಸ್ತಾಳೆ ಹೇಳಿ. 2023ರ ಜೂನಿಂದ ಶಕ್ತಿ ಯೋಜನೇಲಿ ಹೆಂಗಸರಿಗೆ ಟಿಕೆಟ್ ಫ್ರೀ ಆಗಿದೆ, ಒಳ್ಳೇದೇ, ನಮ್ಮಮ್ಮ ಧರ್ಮಸ್ಥಳ ನೋಡಿದ್ದೇ ಅದರಿಂದ. ಆದ್ರೆ ಆ ಊರಿನ ಹುಡುಗಿ ಅಮ್ಮ ನನಗೆ ಹೇಳಿದ್ದು, ಟಿಕೆಟ್ ಫ್ರೀ ಕಣಮ್ಮ, ಬಸ್ಸೇ ಇಲ್ಲ. ಎಂಟನೇ ಕ್ಲಾಸಿನ ಮಕ್ಕಳಿಗೆ 2006ರಲ್ಲಿ ಶುರು ಮಾಡಿದ್ರಲ್ಲ ಸೈಕಲ್, ಅದು ಕೊರೊನಾ ಹೊತ್ತಿಗೆ ನಿಂತೋಯ್ತು. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು ಹಿಡಿಯೋದು ಆರರಿಂದ ಹದಿನಾಲ್ಕು ವರ್ಷದ ತನಕ, ಅಂದ್ರೆ ಎಂಟನೇ ಕ್ಲಾಸು. ಎಂಟನೇ ಕ್ಲಾಸ್ ಮುಗಿಯೋದೂ ಊರಿನ ಶಾಲೆ ಮುಗಿಯೋದೂ ಹುಡುಗಿ ದೊಡ್ಡವಳಾಗೋದೂ ಮೂರೂ ಒಟ್ಟೊಟ್ಟಿಗೇ ಆಗುತ್ತೆ. ಹಾಸ್ಟೆಲ್ ಇದೆಯಲ್ಲ ಅಂತ ಹೇಳೋರು ಹೇಳ್ತಾರೆ, ಇದೆ, ಹದಿಮೂರು ವರ್ಷದ ಮಗಳನ್ನ ಕಳಿಸಲ್ಲ ಅನ್ನೋ ತಾಯಂದಿರಿಗೆ ನಾನು ಅಮೆರಿಕದಲ್ಲಿ ಕೂತು ಬುದ್ಧಿ ಹೇಳಲ್ಲ.

ಅದಕ್ಕೇ ಟ್ರ್ಯಾಕ್ಸ್. ಪಕ್ಕದ ಊರಿನ ಒಬ್ಬರ ಹತ್ರ ಹಳೇ ಗಾಡಿ ಇತ್ತು, ಮದುವೆ ಸೀಸನ್ನಲ್ಲಿ ಬಾಡಿಗೆ ಓಡಿಸ್ತಿದ್ರು. ತಿಂಗಳಿಗೆ ಹದಿನಾಲ್ಕು ಸಾವಿರಕ್ಕೆ ಒಪ್ಪಿದ್ರು, ಬೆಳಿಗ್ಗೆ ಒಂದು ಟ್ರಿಪ್ಪು ಸಂಜೆ ಒಂದು ಟ್ರಿಪ್ಪು. ನಾವು ಹತ್ತು ತಿಂಗಳು ಅಂತ ಲೆಕ್ಕ ಹಾಕಿದ್ವಿ, ಬೇಸಿಗೆ ರಜ ಬಿಟ್ಟು. ಡ್ರೈವರಣ್ಣ ಫೋನಲ್ಲಿ ಅಂದ್ರು, ಅಲ್ಲ ಮೇಡಂ, ಏಪ್ರಿಲ್ ಮೇ ತಿಂಗಳು ನಾನೇನು ಗಾಳಿ ಕುಡಿದು ಬದುಕ್ಲಾ, ಗಾಡಿ ಇನ್ಶೂರೆನ್ಸ್ ರಜ ತಗೊಳ್ಳುತ್ತಾ ಅಂತ. ಸರಿ ಅನ್ನಿಸ್ತು, ಅರ್ಧ ಬಾಡಿಗೆ ಕೊಡ್ತೀವಿ ಈಗ. (ನಮ್ಮ ಅತಿಥಿ ಶಿಕ್ಷಕರ ಪಾಡು ಹೀಗೇ ಅಲ್ವಾ, ತಿಂಗಳಿಗೆ ಹತ್ತು ಹನ್ನೆರಡು ಸಾವಿರ, ಅದೂ ಶಾಲೆ ಇರೋ ತಿಂಗಳು ಮಾತ್ರ, ಅವರ ಪರವಾಗಿ ಡ್ರೈವರಣ್ಣನ ಥರ ಕೇಳೋರು ಯಾರೂ ಇಲ್ಲ.) ಮೊದಲನೇ ವರ್ಷ ನಾಲ್ಕೇ ಹುಡುಗೀರು ಹತ್ತಿದ್ರು. ಊರಲ್ಲಿ ಏನೇನೋ ಮಾತಾಡಿದ್ರು. ಆಮೇಲೆ ಡ್ರೈವರಣ್ಣ ತನ್ನ ತಂಗಿ ಮಗಳನ್ನ ಮುಂದಿನ ಸೀಟಲ್ಲಿ ಕೂರಿಸಿಕೊಂಡು ಬಂದ್ರು ನೋಡಿ, ಎರಡನೇ ವರ್ಷ ಒಂಬತ್ತಾಯ್ತು, ಈ ವರ್ಷ ಹನ್ನೊಂದು. ಕುರಿ ಮರಿ ಹುಡುಗಿ ಬರಲಿಲ್ಲ, ಅವಳಿಗೆ ಅಷ್ಟೊತ್ತಿಗೆ ಮದುವೆ ಮಾತು ನಡೀತಿತ್ತು. ಅವಳ ತಂಗಿ ಬರ್ತಾಳೆ.

ಇಷ್ಟು ಸಣ್ಣ ಬಾಡಿಗೆ ಕಳಿಸೋಕೆ ನಾವು ಪಟ್ಟ ಪಾಡು ಕೇಳಿ, ಇದು ಹೊರದೇಶದಲ್ಲಿರೋ ಬೇರೆ ಹೆಣ್ಮಕ್ಕಳಿಗೂ ಉಪಯೋಗಕ್ಕೆ ಬರಬಹುದು. ಮೊದಲು ದೊಡ್ಡ ಮನಸ್ಸು ಮಾಡಿ ಅಮೆರಿಕದಲ್ಲಿ ಚಾರಿಟಿ ಅಂತ ರಿಜಿಸ್ಟರ್ ಮಾಡಿಸಿದ್ವಿ. ಅದು ಇಲ್ಲಿ ಸುಲಭ, ವರ್ಷಕ್ಕೆ ಐವತ್ತು ಸಾವಿರ ಡಾಲರ್ ಒಳಗೆ ಇರೋ ಸಣ್ಣ ಗುಂಪಿಗೆ ಚಿಕ್ಕ ಫಾರಂ ಇದೆ, 275 ಡಾಲರ್ ಫೀಸು, ಆನ್‌ಲೈನಲ್ಲೇ ಆಗುತ್ತೆ. ಕೊಟ್ಟವರಿಗೆ ತೆರಿಗೇಲಿ ರಿಯಾಯ್ತಿ ಸಿಗುತ್ತೆ ಅಂತ ಖುಷಿಯಾಗಿದ್ವಿ. ಆದ್ರೆ ಅಮೆರಿಕದ ಸಂಸ್ಥೆ ಆದ ತಕ್ಷಣ ಅದರ ದುಡ್ಡು ನಮ್ಮ ದೇಶದ ಕಾನೂನಲ್ಲಿ ವಿದೇಶಿ ದೇಣಿಗೆ. ಎಫ್‌ಸಿಆರ್‌ಎ ಅಂದ್ರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅದರಲ್ಲಿ ನೋಂದಣಿ ಇಲ್ಲಾ ಮುಂಚಿತ ಅನುಮತಿ ಇರೋರು ಮಾತ್ರ ತಗೋಬಹುದು. 2020ರ ಸೆಪ್ಟೆಂಬರ್ ತಿದ್ದುಪಡಿ ಆದಮೇಲೆ ಅಂಥ ಸಂಸ್ಥೆ ಎಲ್ಲೇ ಇರಲಿ, ದುಡ್ಡು ಮೊದಲು ದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬೀಳಬೇಕು, ಮತ್ತೆ ಅವರು ಅದನ್ನ ಇನ್ನೊಂದು ಸಂಸ್ಥೆಗೆ ದಾಟಿಸೋ ಹಾಗಿಲ್ಲ, ತಾವೇ ಖರ್ಚು ಮಾಡಬೇಕು. ದೊಡ್ಡ ಸಂಸ್ಥೆ ಯಾವುದು ನಮ್ಮ ಹನ್ನೊಂದು ಹುಡುಗೀರ ಟ್ರ್ಯಾಕ್ಸ್ ನೋಡ್ಕೊಳ್ಳೋಕೆ ಬರುತ್ತೆ? ಕಳ್ಳ ದುಡ್ಡು ಬರಬಾರದು ಅನ್ನೋದು ಸರಿಯೇ, ನಾನು ಕಾನೂನು ಬೇಡ ಅಂತಿಲ್ಲ, ಬಲೆಯ ಕಣ್ಣು ಇಷ್ಟು ಸಣ್ಣದಾದ್ರೆ ನಮ್ಮಂಥ ಮೀನಿನ ಮರೀನೂ ಸಿಕ್ಕಿಹಾಕ್ಕೊಳ್ಳುತ್ತೆ ಅಂತ ಅಷ್ಟೇ.

ಕೊನೆಗೆ ಗೊತ್ತಾಗಿದ್ದು ಏನಂದ್ರೆ, ಭಾರತದ ಪಾಸ್‌ಪೋರ್ಟ್ ಇರೋರು ಹೊರದೇಶದಲ್ಲಿದ್ರೂ ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ರೆ ಅದು ವಿದೇಶಿ ದೇಣಿಗೆ ಅಲ್ಲ. ಹಾಗಾಗಿ ಈಗ ಪಾಸ್‌ಪೋರ್ಟ್ ಇರೋ ಎಂಟು ಜನ ಅವರವರ ಖಾತೆಯಿಂದ ಅವರವರೇ ಊರಿನ ಖಾತೆಗೆ ಹಾಕ್ತೀವಿ, ರಸೀದಿ ಬರುತ್ತೆ. ನನಗೆ ಪರ್ಮಿಟ್ ಬಂದು ಈಗ ಒಂದು ಲ್ಯಾಬಲ್ಲಿ ಕೆಲಸ ಸಿಕ್ಕಿದೆ, ನನ್ನ ಪಾಲು ನನ್ನ ಸಂಬಳದ್ದು. ಉಳಿದ ಮೂರು ಜನ ಅಮೆರಿಕದ ಸಿಟಿಜನ್ ಆಗಿದ್ದಾರೆ. ಡೆಂಟಿಸ್ಟ್ ಅಕ್ಕ, ಸಾಸಿವೆ ಡಬ್ಬಿ ಇಟ್ಕೊಂಡಿದ್ದೋರು, ಶುರು ಮಾಡಿದ್ದೇ ಅವರು, ಹೋದ ವರ್ಷ ಕೋರ್ಟಲ್ಲಿ ಕೈ ಎತ್ತಿ ಪ್ರಮಾಣ ಮಾಡಿ ಬಂದ್ರು. ಮಾರನೇ ದಿನದಿಂದ ಅವರ ನೂರು ಡಾಲರ್ ವಿದೇಶಿ ದುಡ್ಡು. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋ ಓಸಿಐ ಕಾರ್ಡ್ ಇದ್ರೂ ಅಷ್ಟೇ. ಆವತ್ತು ಅವರು ಬೇಸ್‌ಮೆಂಟಲ್ಲಿ ಸೀರೆ ಮಡಚ್ತಾ ಏನೂ ಮಾತಾಡದೆ ಇದ್ದು ಆಮೇಲೆ, ಹಾಗಾದ್ರೆ ನಾನು ಬರೀ ಸೀರೆ ಮಡಚ್ತೀನಿ ಬಿಡ್ರೇ ಅಂದ್ರು. ಅವರ ಪಾಲಿನ ದುಡ್ಡು ಈಗ ಅಮೆರಿಕದ ಖಾತೇಲಿ ಕೂತಿದೆ, ಎಫ್‌ಸಿಆರ್‌ಎ ಇರೋ ಒಂದು ಸಂಸ್ಥೆ ಜೊತೆ ಮಾತು ನಡೀತಿದೆ, ಅವರೇ ಆ ತಾಲೂಕಲ್ಲಿ ಇನ್ನೊಂದು ಗಾಡಿ ಓಡಿಸೋಕೆ ಆಗುತ್ತಾ ಅಂತ.

ಕೆಲವರು ಕೇಳ್ತಾರೆ, ಇಷ್ಟೆಲ್ಲ ಯಾಕೆ, ಅಷ್ಟು ಪ್ರೀತಿ ಇದ್ರೆ ವಾಪಸ್ ಬಂದು ಪಾಠ ಮಾಡಿ ಅಂತ. ನನ್ನ ಚಿಕ್ಕಪ್ಪನೇ ಹೇಳ್ತಾರೆ. ಮಾತು ತಪ್ಪಲ್ಲ, ಚುಚ್ಚುತ್ತೆ. ಕೀನ್ಯಾದಲ್ಲಿ ಕಕೇನ್ಯಾ ಅಂತ ಮಸಾಯಿ ಹೆಣ್ಣುಮಗಳು ಇದ್ದಾರೆ, ಊರವರೇ ದುಡ್ಡು ಸೇರಿಸಿ ಅಮೆರಿಕಕ್ಕೆ ಓದೋಕೆ ಕಳಿಸಿದ್ರು, ಡಾಕ್ಟರೇಟ್ ಮುಗಿಸೋಕೆ ಮುಂಚೆಯೇ, ಕೊಟ್ಟ ಮಾತಿನಂತೆ 2009ರಲ್ಲಿ ತನ್ನ ಎನೂಸೇನ್ ಊರಲ್ಲೇ ಹುಡುಗೀರ ಶಾಲೆ ತೆಗೆದ್ರು. ರಜಿಯಾ ಜಾನ್ ಕೂಡ ವರ್ಷದ ಬಹುಪಾಲು ಅಲ್ಲೇ ಇದ್ದು ನೋಡ್ಕೊಂಡ್ರು. ನಮ್ಮಲ್ಲಿ ಆ ಗಟ್ಟಿತನ ಇಲ್ಲ, ಇದೆ ಅಂತ ತೋರಿಸಿಕೊಳ್ಳೋದೂ ಬೇಡ. ಮಕ್ಕಳು ಇಲ್ಲಿ ಮಿಡ್ಲ್ ಸ್ಕೂಲಲ್ಲಿದ್ದಾರೆ, ಮನೆ ಸಾಲ ಇದೆ. ನಾವು ತಿಂಗಳಿಗೊಂದು ಸಲ ಬಾಡಿಗೆ ಕಟ್ಟೋರು, ಅಷ್ಟೇ. ಅದನ್ನ ಮಹಾದಾನ ಅಂತ ಬರೀಬೇಡಿ, ತಪ್ಪದೆ ಕಟ್ಟಿದ್ದಾರಾ ಅಂತ ಬೇಕಾದ್ರೆ ವರ್ಷಕ್ಕೊಂದು ಸಲ ವಿಚಾರಿಸಿ ಬರೀರಿ, ಆಗ ನಮಗೂ ಭಯ ಇರುತ್ತೆ.

ಮತ್ತೆ ಆ ರಟ್ಟು. ದಯವಿಟ್ಟು ಹುಡುಗೀರ ಕೈಗೆ ಅಂಥ ರಟ್ಟು ಕೊಟ್ಟ ಫೋಟೋ ಹಾಕಬೇಡಿ ಸಂಪಾದಕರೇ. ನಾನೂ ಹೈಸ್ಕೂಲಲ್ಲಿ ಇದ್ದಾಗ ಯಾರೋ ಪುಣ್ಯಾತ್ಮರು ನೋಟ್‌ಬುಕ್ ಹಂಚಿ ನಮ್ಮನ್ನ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿದ್ರು, ಪೇಪರಲ್ಲಿ ಬಂತು, ಕೆಳಗೆ ಬಡ ವಿದ್ಯಾರ್ಥಿನಿಯರು ಅಂತ ಇತ್ತು. ನಮ್ಮಪ್ಪ ಆ ಪೇಪರ್ ಮಡಚಿ ಹಿತ್ತಲ ಒಲೆಗೆ ಹಾಕಿದ್ರು. ಈಗ ನಿಮ್ಮ ಪೇಪರಿನ ಫೋಟೋದಲ್ಲಿ ಮೂರನೇ ಸಾಲಲ್ಲಿ ತಲೆ ತಗ್ಗಿಸಿ ಕೂತಿರೋ ಹುಡುಗಿ ಯಾರು ಅಂತ ನನಗೆ ಗೊತ್ತು, ಅವಳು ಯಾಕೆ ತಲೆ ತಗ್ಗಿಸಿದ್ಲು ಅಂತಾನೂ ಗೊತ್ತು.

ಟಿವಿ ಈಗಲೂ ಹೆಡ್ಮಾಸ್ಟರ್ ರೂಮಲ್ಲೇ ಇದೆ. ಹೋದ ವಾರದ ಫೋಟೋಗೆ ಅಂತ ಬೆಡ್‌ಶೀಟ್ ತೆಗೆದು ಹೊಸ ಹಾರ ಹಾಕಿರಬೇಕು. ಕಿಟಕಿಗೆ ಸರಳು ಹಾಕ್ಸೋಕೆ ಈ ಯುಗಾದಿಗೆ ಇನ್ನೊಂದು ಸೀರೆ ಸಂತೆ ಮಾಡ್ತೀವಿ, ಆಮೇಲೆ ಆದ್ರೂ ಅದು ಗೋಡೆಗೆ ಏರಲಿ.

ನಿಮ್ಮ ವರದಿಗಾರರಿಗೆ ಒಂದು ಕೋರಿಕೆ ಇದೆ. ಒಂದು ದಿನ ಬೆಳಿಗ್ಗೆ ಎಂಟು ಗಂಟೆಗೆ ಆ ಕ್ರಾಸಲ್ಲಿ ಬಂದು ನಿಲ್ಲಲಿ, ಬಸ್ಸು ಎಷ್ಟೊತ್ತಿಗೆ ಬರುತ್ತೆ ಅಂತ ಗಡಿಯಾರ ನೋಡಿ ಬರ್ಕೊಳ್ಳಲಿ. ಆಮೇಲೆ ಡಿಪೋಗೆ ಹೋಗಿ ಈ ಬಸ್ಸನ್ನ ಒಂದೂಮುಕ್ಕಾಲು ಗಂಟೆ ಮುಂಚೆ ಬಿಡೋಕೆ ಏನು ತೊಂದರೆ ಅಂತ ಕೇಳಲಿ, ಅವರು ಏನು ಹೇಳ್ತಾರೋ ಹಾಗೇ ಹಾಕಿ. ಬಸ್ಸು ಎಂಟೂವರೆಗೆ ಬಂದ್ರೆ ನಮ್ಮ ಟ್ರ್ಯಾಕ್ಸ್ ಬೇಕಾಗಲ್ಲ, ಡ್ರೈವರಣ್ಣನಿಗೆ ಸ್ವಲ್ಪ ಬೇಜಾರಾಗುತ್ತೆ, ಅವರಿಗೆ ನಾನು ಹೇಳ್ಕೋತೀನಿ.

ಇನ್ನೊಂದು ತಿದ್ದುಪಡಿ, ಸುದ್ದೀಲಿ ಹದಿನೈದು ಮಹಿಳೆಯರು ಅಂತ ಇದೆ, ನಾವು ಹನ್ನೊಂದು ಜನ. ಸೀರೆ ಮಡಚೋರನ್ನೂ ಸೇರಿಸಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು
ಮೆಸಾಚುಸೆಟ್ಸ್ (ಊರು: ಚಿತ್ರದುರ್ಗ ಜಿಲ್ಲೆ)